ನಕಲಿ ದನಿ, ನಕಲಿ ಮುಖ: ಚುನಾವಣೆ ಹೊತ್ತಿನಲ್ಲಿ ಕೋಲಾರದ ವಾಟ್ಸ್‌ಆ್ಯಪ್ ಗ್ರೂಪುಗಳಿಗೊಂದು ಕೈಪಿಡಿ

ಕೋಲಾರ ಜಿಲ್ಲೆಯ ಫೋನುಗಳಲ್ಲಿ ಮೂರು ರಾಜ್ಯಗಳ ಚುನಾವಣೆ ನಡೆಯುತ್ತದೆ. 2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ತಮಿಳುನಾಡಿನಲ್ಲಿ ಏಪ್ರಿಲ್ 19ಕ್ಕೆ ಮತದಾನ, ನಮ್ಮಲ್ಲಿ ಏಪ್ರಿಲ್ 26ಕ್ಕೆ, ಆಂಧ್ರದಲ್ಲಿ ಮೇ 13ಕ್ಕೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತಾಗಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಆಂಧ್ರದ ಪಲಮನೇರಿನಲ್ಲಿ ಹುಟ್ಟಿದ ತುಣುಕು ಗಡಿಯ ನಂಗಲಿ ದಾಟಿ ಬರಲು ಒಂದು ಫಾರ್ವರ್ಡ್ ಸಾಕು. ಹಾಗಾಗಿ ಇಲ್ಲಿ ಓಡಾಡುವ ನಕಲಿ ವಿಡಿಯೊ ಕನ್ನಡದಲ್ಲೇ ಇರಬೇಕೆಂದಿಲ್ಲ, ನಮ್ಮ ಚುನಾವಣೆಗೆಂದೇ ತಯಾರಾಗಿರಬೇಕೆಂದೂ ಇಲ್ಲ.

ಈ ಬರಹ ಗ್ರೂಪ್ ಅಡ್ಮಿನ್‌ಗಳಿಗೆ, ಬೂತ್ ಏಜೆಂಟರಿಗೆ, ಸ್ವಸಹಾಯ ಸಂಘದವರಿಗೆ, ಊರಲ್ಲಿ 'ಇದು ನಿಜಾನಾ ನೋಡಪ್ಪ' ಎಂದು ಎಲ್ಲರೂ ಫೋನು ಚಾಚುವ ಹುಡುಗ ಹುಡುಗಿಯರಿಗೆ. ಒಂದು ಮಾತು ಮೊದಲೇ ಹೇಳಿಬಿಡಬೇಕು: ಕಣ್ಣಲ್ಲಿ ನೋಡಿ, ಕಿವಿಯಲ್ಲಿ ಕೇಳಿ ನಕಲಿ ಹಿಡಿಯುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಯೂಟ್ಯೂಬಿನಲ್ಲಿರುವ ಒಂದೆರಡು ನಿಮಿಷದ ಭಾಷಣ ಸಿಕ್ಕರೆ ಎಐ (ಕೃತಕ ಬುದ್ಧಿಮತ್ತೆ) ಬಳಸಿ ಅಭ್ಯರ್ಥಿಯ ದನಿಯನ್ನು ನಕಲು ಮಾಡಬಹುದು. ಇಂಥ ನಕಲಿ ದನಿ, ವಿಡಿಯೊಗಳನ್ನೇ ಡೀಪ್‌ಫೇಕ್ ಎನ್ನುವುದು. ಆದ್ದರಿಂದ 'ಇದು ನಕಲಿಯೇ?' ಎಂಬ ಪ್ರಶ್ನೆಗಿಂತ 'ಇದು ಎಲ್ಲಿಂದ ಬಂತು?' ಎಂಬ ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಯಾವ ಹೊತ್ತಿನಲ್ಲಿ ಎಚ್ಚರ ಬೇಕು

ಸ್ಲೊವಾಕಿಯಾದಲ್ಲಿ 2023ರ ಸೆಪ್ಟೆಂಬರ್ 30ರ ಸಂಸತ್ ಚುನಾವಣೆಗೆ ಎರಡು ದಿನ ಮೊದಲು, ಪಕ್ಷವೊಂದರ ನಾಯಕ ಮತ ಖರೀದಿಯ ಮಾತಾಡುತ್ತಿದ್ದಾನೆ ಎನ್ನುವ ನಕಲಿ ಆಡಿಯೊ ಹರಡಿತು. ಅದು ಬಹಿರಂಗ ಪ್ರಚಾರಕ್ಕೆ ತೆರೆ ಬಿದ್ದ ಹೊತ್ತು, ಉತ್ತರ ಕೊಡಲು ದಾರಿಯೇ ಕಡಿಮೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2024ರ ಜನವರಿ 23ರ ಪ್ರಾಥಮಿಕ ಚುನಾವಣೆಗೆ ಎರಡು ದಿನ ಮುಂಚೆ ಬೈಡನ್ ದನಿಯಲ್ಲಿ 'ಈಗ ಮತ ಹಾಕಬೇಡಿ' ಎಂಬ ಕರೆಗಳು ಹೋದವು. ಅದನ್ನು ಮಾಡಿಸಿದವನಿಗೆ ಅಲ್ಲಿನ ಸಂವಹನ ಆಯೋಗ 60 ಲಕ್ಷ ಡಾಲರ್ ದಂಡ ಹಾಕಿತು. ಮಹಾರಾಷ್ಟ್ರದಲ್ಲಿ 2024ರ ನವೆಂಬರ್ 20ರ ಮತದಾನದ ಹಿಂದಿನ ದಿನ ವಿರೋಧ ಪಕ್ಷದ ನಾಯಕರದ್ದೆನ್ನಲಾದ ಆಡಿಯೊ ತುಣುಕುಗಳು ಹೊರಬಂದವು. ಅವು ನಕಲಿ ಎಂದು ಆ ನಾಯಕರು ದೂರು ಕೊಟ್ಟರು.

ಮೂರರಲ್ಲೂ ಸಮಯ ಒಂದೇ. ನಮ್ಮ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಮಿನ ಪ್ರಕಾರ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಬಹಿರಂಗ ಪ್ರಚಾರ ಇಲ್ಲ. ನಕಲಿ ತಯಾರಿಸುವವನಿಗೆ ಇದೇ ಹಬ್ಬ. ಸಣ್ಣ ಸಂಖ್ಯೆಯ ಮತದಾರರು ಮನಸ್ಸು ಬದಲಿಸಿದರೂ ಫಲಿತಾಂಶ ತಿರುಗುವ ಕ್ಷೇತ್ರಗಳು ನಮ್ಮಲ್ಲೇ ಇವೆ: 2023ರ ವಿಧಾನಸಭಾ ಚುನಾವಣೆಯಲ್ಲಿ ಮಾಲೂರಿನ ಗೆಲುವಿನ ಅಂತರ 248 ಮತ. ಆ ಫಲಿತಾಂಶಕ್ಕೂ ನಕಲಿ ವಿಡಿಯೊಗೂ ನಂಟು ಹಾಕುತ್ತಿಲ್ಲ. 248 ಜನ ಎಂದರೆ ಒಂದು ಊರ ಗ್ರೂಪಿನಷ್ಟು ಎಂಬುದನ್ನು ಮಾತ್ರ ನೆನಪಿಡಿ.

ಮೊದಲ ಹೆಜ್ಜೆ: ಚುನಾವಣೆ ಘೋಷಣೆಯಾದ ವಾರದಲ್ಲೇ

ನಕಲಿ ಬಂದ ಮೇಲೆ ನಂಬರು ಹುಡುಕುತ್ತಾ ಕೂತರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ಮೊದಲು ಒಂದು ಹಾಳೆಯಲ್ಲಿ ಬರೆದಿಡಿ: ನಿಮ್ಮ ಕ್ಷೇತ್ರದ ಚುನಾವಣಾಧಿಕಾರಿ ಯಾರು, ಕಚೇರಿ ಎಲ್ಲಿ, ತಹಶೀಲ್ದಾರ್ ಕಚೇರಿಯ ಚುನಾವಣಾ ಶಾಖೆಯ ನಂಬರು, ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಯ ನಂಬರು, ಮತದಾರರ ಸಹಾಯವಾಣಿ 1950, ಸೈಬರ್ ಸಹಾಯವಾಣಿ 1930, ಹತ್ತಿರದ ಸೆನ್ ಠಾಣೆ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆ).

ಠಾಣೆಯ ವಿಷಯದಲ್ಲಿ ಕೋಲಾರದವರು ಆಗಾಗ ಎಡವುವುದುಂಟು. ಜಿಲ್ಲಾಧಿಕಾರಿ ಒಬ್ಬರೇ ಆದರೂ ಪೊಲೀಸ್ ಲೆಕ್ಕದಲ್ಲಿ ಕೆಜಿಎಫ್ ಬೇರೆ ಜಿಲ್ಲೆ, ಅಲ್ಲಿಗೆ ಬೇರೆ ಎಸ್‌ಪಿ. ನಿಮ್ಮ ಊರು ಯಾವುದರ ಕೆಳಗೆ ಬರುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. 'ನಮ್ಮ ವ್ಯಾಪ್ತಿಗೆ ಬರಲ್ಲ' ಎಂದು ವಾಪಸು ಕಳಿಸಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮನ್ನು ನೆನಪಿಸಿ. ಅಪರಾಧ ಎಲ್ಲೇ ನಡೆದಿರಲಿ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಸ್ವರೂಪದ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಾದರೂ ಪಡೆಯಬೇಕು. ಇ-ಮೇಲಿನಂಥ ವಿದ್ಯುನ್ಮಾನ ರೂಪದಲ್ಲಿ ಕೊಟ್ಟ ಮಾಹಿತಿಗೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ಎರಡನೆಯದು, ಅಭ್ಯರ್ಥಿಗಳ ಅಸಲಿ ಖಾತೆಗಳ ಪಟ್ಟಿ. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಅಭ್ಯರ್ಥಿ ತನ್ನ ಸಾಮಾಜಿಕ ಜಾಲತಾಣ ಖಾತೆಗಳನ್ನೂ ತಿಳಿಸಬೇಕು. ಈ ಪ್ರಮಾಣಪತ್ರಗಳು ಭಾರತ ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತವೆ. ಜನ ಆಸ್ತಿ, ಕೇಸುಗಳ ಪುಟ ನೋಡಿ ಮುಚ್ಚಿಬಿಡುತ್ತಾರೆ. ನೀವು ಖಾತೆಗಳ ಸಾಲನ್ನೂ ಬರೆದಿಟ್ಟುಕೊಳ್ಳಿ. 'ಅಭಿಮಾನಿ ಬಳಗ' ಹೆಸರಿನ ಪುಟದಲ್ಲಿ ಬಂದದ್ದಕ್ಕೂ ಪ್ರಮಾಣಪತ್ರದಲ್ಲಿರುವ ಖಾತೆಯಲ್ಲಿ ಬಂದದ್ದಕ್ಕೂ ಇರುವ ಅಂತರ ಆಗ ತಟ್ಟನೆ ಕಾಣುತ್ತದೆ.

ತುಣುಕು ಬಂತು. ಅಳಿಸಬೇಡಿ, ಕಳಿಸಬೇಡಿ

ಅಡ್ಮಿನ್‌ಗಳು ಗಾಬರಿಯಲ್ಲಿ ಮಾಡುವ ಮೊದಲ ಕೆಲಸ 'ಎಲ್ಲರಿಗೂ ಅಳಿಸು' ಒತ್ತುವುದು. ಉದ್ದೇಶ ಒಳ್ಳೆಯದೇ. ಆದರೆ ನಾಳೆ ಠಾಣೆಯಲ್ಲಿ ತೋರಿಸಲು ಏನೂ ಉಳಿದಿರುವುದಿಲ್ಲ. ಮೊದಲು ದಾಖಲಿಸಿ, ಆಮೇಲೆ ಅಳಿಸಿ. ಈ ಕೆಲಸಕ್ಕೆ 10 ನಿಮಿಷ ಬೇಕು, ಹೀಗೆ ಮಾಡಿ:

1. ಗ್ರೂಪಿನ ಹೆಸರು, ಸಂದೇಶ, ಸಮಯ ಮೂರೂ ಒಂದೇ ಪರದೆಯಲ್ಲಿ ಬರುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವರು ನಿಮ್ಮ ಫೋನಿನಲ್ಲಿ 'ಮಂಜಣ್ಣ ಹಾಲಿನ ಡೇರಿ' ಎಂದು ಉಳಿದಿದ್ದರೆ ಸ್ಕ್ರೀನ್‌ಶಾಟಿನಲ್ಲೂ ಅದೇ ಬರುತ್ತದೆ, ಅದರಿಂದ ಪೊಲೀಸರಿಗೆ ಉಪಯೋಗವಿಲ್ಲ. ಹೆಸರಿನ ಮೇಲೆ ಒತ್ತಿ ನಂಬರು ಕಾಣುವ ಪುಟದ ಚಿತ್ರವನ್ನೂ ತೆಗೆಯಿರಿ.

2. ಸಂದೇಶದ ಮೇಲೆ ಬಾಣದ ಗುರುತು ಇದೆಯೇ ನೋಡಿ. ಜೋಡಿ ಬಾಣ ಇದ್ದರೆ ಅದು ಕನಿಷ್ಠ ಐದು ಬಾರಿ ಕೈ ಬದಲಾಯಿಸಿ ಬಂದದ್ದು, ನಿಮಗೆ ಕಳಿಸಿದವರು ಅದನ್ನು ಹುಟ್ಟುಹಾಕಿದವರಲ್ಲ. ಬಾಣವೇ ಇಲ್ಲದಿದ್ದರೆ ಒಂದೋ ಅವರೇ ಮೊದಲು ಹಾಕಿದ್ದು, ಇಲ್ಲವೇ ಫೋನಿನಲ್ಲಿ ಉಳಿಸಿಕೊಂಡು ಹೊಸದಾಗಿ ಹಾಕಿದ್ದು. ಗುರುತು ಬೀಳದಂತೆ ಹರಡುವವರು ಮಾಡುವುದು ಎರಡನೆಯದನ್ನೇ.

3. ಗ್ರೂಪಿನಲ್ಲಿ ಸಂದೇಶಗಳು ತಾನಾಗಿ ಮಾಯವಾಗುವ ವ್ಯವಸ್ಥೆ ಇದ್ದರೆ ಆ ಸಂದೇಶವನ್ನು ಒತ್ತಿ ಹಿಡಿದು 'ಕೀಪ್' ಮಾಡಿ. ಸ್ಟೇಟಸ್‌ನಲ್ಲಿ ಬಂದಿದ್ದರೆ 24 ಗಂಟೆಯಲ್ಲಿ ಹೋಗುತ್ತದೆ, ಸ್ಕ್ರೀನ್ ರೆಕಾರ್ಡ್ ಮಾಡಿಕೊಳ್ಳುವುದೊಂದೇ ದಾರಿ.

4. ಮೂಲ ಫೈಲನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ನಕಲಿಸಿ. ಕೇಬಲ್ ಇಲ್ಲದಿದ್ದರೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ. ಸಾಮಾನ್ಯ ವಿಡಿಯೊ ಆಗಿ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಮತ್ತೆ ಕುಗ್ಗಿಸುತ್ತದೆ, ಪರೀಕ್ಷೆ ಮಾಡುವವರಿಗೆ ಬೇಕಾದ ಸೂಕ್ಷ್ಮ ಗುರುತುಗಳು ಅಳಿಸಿಹೋಗುತ್ತವೆ.

5. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಆದರೆ ಲಿಂಕ್ ನಕಲಿಸಿಕೊಳ್ಳಿ. ಲಿಂಕ್ ಇಲ್ಲದ ಸ್ಕ್ರೀನ್‌ಶಾಟ್ ಕೊಟ್ಟರೆ ಕಂಪನಿಗಳು ಯಾವ ಪೋಸ್ಟ್ ತೆಗೆಯಬೇಕೆಂದು ತಿಳಿಯದೆ ಕೈಚೆಲ್ಲುತ್ತವೆ. ದೂರುಗಳು ಬಿದ್ದುಹೋಗಲು ಇದೊಂದು ದೊಡ್ಡ ಕಾರಣ.

ಇಷ್ಟಾದ ಮೇಲೆ ಅಳಿಸಿ, ಗ್ರೂಪನ್ನು 'ಅಡ್ಮಿನ್‌ಗಳು ಮಾತ್ರ ಬರೆಯಬಹುದು' ಎಂದು ಬದಲಿಸಿ. 'ಇದು ಸುಳ್ಳು, ನಂಬಬೇಡಿ' ಎಂದು ಬರೆದು ಅದೇ ವಿಡಿಯೊವನ್ನು ಬೇರೆ ಗ್ರೂಪುಗಳಿಗೆ ಕಳಿಸುವ ಚಟ ಒಂದಿದೆ. ನಿಮ್ಮ ಸಾಲು ಕಳಚಿಹೋಗುತ್ತದೆ, ವಿಡಿಯೊ ಮಾತ್ರ ಮುಂದೆ ಸಾಗುತ್ತದೆ.

ಮೂಲ ಹುಡುಕುವುದು

ವಿಡಿಯೊ ಆದರೆ ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ ಮೂರ್ನಾಲ್ಕು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಮುಖದ ಮೇಲೆ ಗಮನ ಬೇಡ, ಹಿಂದಿನ ಬ್ಯಾನರು, ಮೈಕಿನ ಮೇಲಿನ ಚಾನೆಲ್ ಗುರುತು, ಶಾಲು, ವೇದಿಕೆ ನೋಡಿ. ಬಹಳಷ್ಟು ನಕಲಿಗಳಲ್ಲಿ ಚಿತ್ರ ಅಸಲಿ, ಹಳೆಯದು. ದನಿ ಮತ್ತು ತುಟಿ ಮಾತ್ರ ಹೊಸದು. ಅದೇ ವೇದಿಕೆಯ ಅಸಲಿ ಭಾಷಣ ಸಿಕ್ಕಿತೆಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಯಾವ ತಜ್ಞರ ವರದಿಗಿಂತಲೂ ಊರ ಜನರಿಗೆ ಇದು ಬೇಗ ತಲೆಗೆ ಹೋಗುತ್ತದೆ.

ಭಾಷೆ ತೆಲುಗು ಅಥವಾ ತಮಿಳಾದರೆ ಮೊದಲು ಕೇಳಬೇಕಾದದ್ದು, ಇದು ನಮ್ಮ ಚುನಾವಣೆಯದ್ದೇ? ಚಿತ್ತೂರು ಜಿಲ್ಲೆಯ ಗಲಾಟೆಯ ವಿಡಿಯೊಗೆ 'ಶ್ರೀನಿವಾಸಪುರದಲ್ಲಿ ಇಂದು' ಎಂದು ತಲೆಬರಹ ಹಾಕಲು ಎಐ ಕೂಡ ಬೇಡ. ಅಂಗಡಿ ಫಲಕ, ಬಸ್ಸಿನ ಬಣ್ಣ, ವಾಹನದ ನಂಬರಿನ ಮೊದಲ ಎರಡು ಅಕ್ಷರ ನೋಡಿ. ಕೋಲಾರದ ಗಾಡಿ ಕೆಎ 07, ಕೆಜಿಎಫ್‌ನದು ಕೆಎ 08.

ಆಡಿಯೊ ಮಾತ್ರ ಆದರೆ ಕಷ್ಟ. ಹಿಡಿಯಲು ಚಿತ್ರವಿಲ್ಲ. ಆಗ ಕೇಳಬೇಕಾದ ಪ್ರಶ್ನೆಗಳು: ಯಾರೊಂದಿಗೆ ಮಾತಾಡಿದ್ದು? ಆ ಕಡೆಯ ದನಿ ಎಲ್ಲಿ? ಯಾವತ್ತು? ರೆಕಾರ್ಡ್ ಮಾಡಿದ್ದು ಯಾರು? ಪೂರ್ತಿ ಆಡಿಯೊ ಯಾಕಿಲ್ಲ? ಈ ಐದರಲ್ಲಿ ಒಂದಕ್ಕೂ ಉತ್ತರವಿಲ್ಲದೆ ಮತದಾನದ ಹಿಂದಿನ ರಾತ್ರಿ ಬಂದ ಆಡಿಯೊವನ್ನು, ಅದು ಅಸಲಿಯೇ ಆಗಿದ್ದರೂ, ಮುಂದಕ್ಕೆ ಕಳಿಸಲು ಕಾರಣವಿಲ್ಲ.

ಕಣ್ಣು ಕಿವಿಗೆ ಸಿಗುವ ಕೆಲವು ಗುರುತುಗಳೂ ಇವೆ, ಪುರಾವೆ ಎಂದಲ್ಲ, ಅನುಮಾನ ಹುಟ್ಟಲಿಕ್ಕೆ. ಪ, ಬ, ಮ ಹೇಳುವಾಗ ತುಟಿಗಳು ಮುಚ್ಚಲೇಬೇಕು. ವಿಡಿಯೊ ನಿಧಾನ ಮಾಡಿ ಆ ಅಕ್ಷರಗಳಲ್ಲಿ ಬಾಯಿ ನೋಡಿ. ಮುಖ ಪಕ್ಕಕ್ಕೆ ತಿರುಗಿದಾಗ, ಕೈ ಮುಖದ ಮುಂದೆ ಹಾದಾಗ ಗದ್ದದ ಅಂಚು ಕಲಸಿದಂತೆ ಕಾಣಬಹುದು. ದನಿಯಲ್ಲಿ ನಮ್ಮ ಕಡೆಯ ಕನ್ನಡದ ಎಳೆತ ಇರದೆ ರೇಡಿಯೊ ವಾರ್ತೆಯ ಕನ್ನಡ ಕೇಳಬಹುದು, ಳ ಮತ್ತು ಲ ಒಂದೇ ಆಗಬಹುದು, 2,35,000ದಂಥ ಸಂಖ್ಯೆ ತಡವರಿಸಬಹುದು. ಆದರೆ ಅಸಲಿ ಅಭ್ಯರ್ಥಿಯೂ ಬರೆದುಕೊಟ್ಟದ್ದನ್ನು ಓದುವಾಗ ಹೀಗೇ ಮಾತಾಡುತ್ತಾನೆ! ನೆಟ್‌ವರ್ಕ್ ಸರಿಯಿಲ್ಲದ ಅಸಲಿ ವಿಡಿಯೊದಲ್ಲೂ ತುಟಿ ಹಿಂದೆ ಬೀಳುತ್ತದೆ. ಆರು ಬೆರಳು ಎಣಿಸುವ ಉಪಾಯವನ್ನಂತೂ ಬಿಟ್ಟುಬಿಡಿ, ಹೊಸ ತಂತ್ರಾಂಶಗಳು ಬೆರಳು ಸರಿಯಾಗಿಯೇ ಬರೆಯುತ್ತವೆ.

ನೆಟ್‌ನಲ್ಲಿ ಸಿಗುವ 'ಎಐ ಪತ್ತೆ' ಜಾಲತಾಣಗಳು 87 ಶೇಕಡ ನಕಲಿ ಎಂಬಂಥ ಅಂಕಿ ತೋರಿಸುತ್ತವೆ. ಅದನ್ನು ತೀರ್ಪಿನಂತೆ ಹಂಚಬೇಡಿ. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ದನಿಗಳ ಮೇಲೆ ತರಬೇತಾದವು; ವಾಟ್ಸ್‌ಆ್ಯಪಿನಲ್ಲಿ ಕುಗ್ಗಿ, ಹಿಂದೆ ಹಾಡು ಸೇರಿದ ಕನ್ನಡ ಆಡಿಯೊ ಕೊಟ್ಟರೆ ಎರಡೂ ಕಡೆ ತಪ್ಪುತ್ತವೆ. ಗೂಗಲಿನ ಜೆಮಿನಿ ಆ್ಯಪ್ ಚಿತ್ರದಲ್ಲಿ ಸಿಂಥ್‌ಐಡಿ ಎಂಬ ಅಡಗಿದ ಗುರುತು ಇದೆಯೇ ಎಂದು ಹೇಳಬಲ್ಲದು. ಗುರುತು ಸಿಕ್ಕರೆ ಗೂಗಲ್ ಉಪಕರಣದಲ್ಲಿ ತಯಾರಾದದ್ದು ಎಂದರ್ಥ. ಸಿಗದಿದ್ದರೆ ಏನೂ ತಿಳಿದಂತಾಗಲಿಲ್ಲ, ಬೇರೆ ಕಂಪನಿಯದ್ದಿರಬಹುದು.

ಸುದ್ದಿಯ ಸತ್ಯಾಸತ್ಯ ಪರಿಶೀಲಿಸುವ ಸಂಸ್ಥೆಗಳ ಒಕ್ಕೂಟವಾದ ಮಿಸ್‌ಇನ್ಫರ್ಮೇಶನ್ ಕಾಂಬ್ಯಾಟ್ ಅಲಯನ್ಸ್ ಕಟ್ಟಿದ ಡೀಪ್‌ಫೇಕ್ಸ್ ಅನಾಲಿಸಿಸ್ ಯೂನಿಟ್ 2024ರ ಮಾರ್ಚ್‌ನಲ್ಲಿ ವಾಟ್ಸ್‌ಆ್ಯಪ್ ಸಹಾಯವಾಣಿ ಶುರು ಮಾಡಿತು. ಆರಂಭದ ನಾಲ್ಕು ಭಾಷೆಗಳು ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡಕ್ಕೆ ಜಾಗ ಸಿಗದ್ದು ಬೇಸರದ ಸಂಗತಿ, ಆದರೂ ಗಡಿಯಾಚೆಯಿಂದ ಬಂದ ತುಣುಕುಗಳಿಗೆ ನಮ್ಮವರಿಗೆ ಅದು ಉಪಯೋಗಕ್ಕೆ ಬಂದೀತು. ಪಿಐಬಿ ಫ್ಯಾಕ್ಟ್‌ಚೆಕ್ ನೋಡುವುದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ಸುದ್ದಿಗಳನ್ನು ಮಾತ್ರ. ಅಭ್ಯರ್ಥಿಯ ಆಡಿಯೊ ಅಲ್ಲಿಗೆ ಕಳಿಸಿ ಕಾಯಬೇಡಿ.

ಹಣ ಕೊಟ್ಟು ಹಾಕಿಸಿದ ಜಾಹೀರಾತು ಎನಿಸಿದರೆ ಮೆಟಾ ಆ್ಯಡ್ ಲೈಬ್ರರಿಯಲ್ಲಿ ಪುಟದ ಹೆಸರು ಹಾಕಿ ನೋಡಿ. ರಾಜಕೀಯ ಜಾಹೀರಾತು ಎಂದು ಘೋಷಿಸಿ ಹಾಕಿದ್ದರೆ ಹಣ ಕೊಟ್ಟವರ ಹೆಸರು, ಖರ್ಚಿನ ಅಂದಾಜು ಅಲ್ಲಿ ಸಿಗುತ್ತದೆ.

ದೂರು: ಎಲ್ಲಿಗೆ, ಹೇಗೆ

ಮೊದಲು ಯಾವ ಚುನಾವಣೆ ಎಂದು ನೋಡಿ. ಲೋಕಸಭೆ, ವಿಧಾನಸಭೆ ಆದರೆ ಭಾರತ ಚುನಾವಣಾ ಆಯೋಗ. ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ, ನಗರಸಭೆ ಆದರೆ ರಾಜ್ಯ ಚುನಾವಣಾ ಆಯೋಗ. ಪಂಚಾಯಿತಿ ಚುನಾವಣೆಯ ದೂರನ್ನು ಭಾರತ ಚುನಾವಣಾ ಆಯೋಗದ ಆ್ಯಪಿಗೆ ಹಾಕಿ ಉತ್ತರಕ್ಕೆ ಕಾದರೆ ಕಾಯುತ್ತಲೇ ಇರಬೇಕು. ಅಲ್ಲಿ ನೇರವಾಗಿ ಚುನಾವಣಾಧಿಕಾರಿ ಮತ್ತು ತಹಶೀಲ್ದಾರರ ಬಳಿ ಲಿಖಿತ ದೂರು ಕೊಡುವುದೇ ಸರಿ.

ನೀತಿಸಂಹಿತೆ ಉಲ್ಲಂಘನೆಯ ದೂರಿಗೆಂದು ಭಾರತ ಚುನಾವಣಾ ಆಯೋಗ ತಂದ ಸಿ-ವಿಜಿಲ್ ಆ್ಯಪಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ದೂರಿಗೆ 100 ನಿಮಿಷದಲ್ಲಿ ಕ್ರಮ ಎಂಬ ಗುರಿ ಅದಕ್ಕಿರುವುದು ನಿಜ. ಆದರೆ ಗ್ಯಾಲರಿಯಲ್ಲಿರುವ ವಿಡಿಯೊ ಅದಕ್ಕೆ ಹಾಕಲಾಗದು. ಸ್ಥಳದಲ್ಲೇ ನಿಂತು ಆ್ಯಪಿನಿಂದ ತೆಗೆದ ಚಿತ್ರ, 2 ನಿಮಿಷದೊಳಗಿನ ವಿಡಿಯೊ ಮಾತ್ರ ನಡೆಯುತ್ತದೆ. ಫಾರ್ವರ್ಡ್ ಆಗಿ ಬಂದದ್ದಕ್ಕೆ ಇದು ಆಗದು. ಎಲ್‌ಇಡಿ ಪರದೆಯ ಪ್ರಚಾರ ವಾಹನ ಊರ ಕಟ್ಟೆ ಬಳಿ ನಕಲಿ ವಿಡಿಯೊ ಹಾಕುತ್ತಿದ್ದರೆ ಆಗ ಇದೇ ಅಸ್ತ್ರ.

ಆಯೋಗ 2024ರ ಮೇ 6ರಂದು ಪಕ್ಷಗಳಿಗೆ ಕೊಟ್ಟ ನಿರ್ದೇಶನದ ಪ್ರಕಾರ, ಡೀಪ್‌ಫೇಕ್ ಗಮನಕ್ಕೆ ಬಂದ 3 ಗಂಟೆಯೊಳಗೆ ಪಕ್ಷ ಅದನ್ನು ತನ್ನ ಖಾತೆಗಳಿಂದ ತೆಗೆಯಬೇಕು. 2025ರ ಜನವರಿಯ ಸಲಹೆಯಂತೆ ಎಐ ಬಳಸಿ ಮಾಡಿದ ಪ್ರಚಾರ ಸಾಮಗ್ರಿಯ ಮೇಲೆ ಹಾಗೆಂದು ಕಾಣುವಂತೆ ನಮೂದಿಸಬೇಕು. ಈ 3 ಗಂಟೆಯ ಗಡಿಯಾರ ತಿರುಗಲು ಅವರ ಗಮನಕ್ಕೆ ಬಂದದ್ದಕ್ಕೆ ದಾಖಲೆ ಬೇಕು. ಆದ್ದರಿಂದ ಪಕ್ಷದ ತಾಲ್ಲೂಕು ಅಧ್ಯಕ್ಷರಿಗೂ ಲಿಂಕ್ ಸಮೇತ ಲಿಖಿತ ಸಂದೇಶ ಕಳಿಸಿ, ಸಮಯ ಬರೆದಿಡಿ.

ದೂರಿನ ಪತ್ರ ಒಂದು ಪುಟ ಮೀರದಿರಲಿ:

'ದಿನಾಂಕ … ರಂದು ಬೆಳಿಗ್ಗೆ/ಸಂಜೆ … ಗಂಟೆಗೆ … ಎಂಬ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ … ನಂಬರಿನಿಂದ … ನಿಮಿಷದ ಧ್ವನಿ ತುಣುಕು ಬಂದಿರುತ್ತದೆ. ಇದರಲ್ಲಿ ಅಭ್ಯರ್ಥಿ … ಅವರು … ಎಂದು ಹೇಳಿದಂತೆ ಕೇಳಿಬರುತ್ತದೆ. ಈ ಕೆಳಗಿನ ಕಾರಣಗಳಿಂದ ಇದು ಕೃತಕವಾಗಿ ತಯಾರಿಸಿದ್ದು ಎಂಬ ಅನುಮಾನವಿದೆ: … . ಮೂಲ ಫೈಲ್ ನನ್ನ ಫೋನಿನಲ್ಲಿದೆ. ಸ್ಕ್ರೀನ್‌ಶಾಟ್ … ಹಾಳೆ, ಪೆನ್ ಡ್ರೈವ್ 1 ಲಗತ್ತಿಸಿದೆ. ತುರ್ತಾಗಿ ತೆಗೆಸಲು ಹಾಗೂ ತನಿಖೆಗೆ ಕೋರುತ್ತೇನೆ.'

'ಅನುಮಾನವಿದೆ' ಎಂಬ ಪದ ಬಿಡಬೇಡಿ. 'ಇದು ಡೀಪ್‌ಫೇಕ್' ಎಂದು ಖಡಾಖಂಡಿತ ಬರೆದು, ನಾಳೆ ಅದು ಅಸಲಿ ಎಂದಾದರೆ ಸಿಕ್ಕಿಕೊಳ್ಳುವವರು ನೀವು. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಮೊಹರು ಮತ್ತು ಸಮಯ ಹಾಕಿಸಿಕೊಳ್ಳಿ. ದಿನಾಂಕವಷ್ಟೇ ಹಾಕಿಕೊಟ್ಟರೆ ಗಂಟೆಯನ್ನೂ ಕೇಳಿ ಬರೆಸಿ.

ಠಾಣೆಯಲ್ಲಿ ಕೆಲಸ ನಿಲ್ಲುವುದು ಸಾಮಾನ್ಯವಾಗಿ ಕಲಮಿನ ಮೇಲೆ. ಅಭ್ಯರ್ಥಿಯ ನಡತೆಯ ಬಗ್ಗೆ ಸುಳ್ಳು ಹೇಳಿಕೆಗೆ ಭಾರತೀಯ ನ್ಯಾಯ ಸಂಹಿತೆಯ 175 ಇದೆ, ಆದರೆ ಅದಕ್ಕೆ ದಂಡ ಮಾತ್ರ. ಅದೊಂದನ್ನೇ ಬರೆದರೆ 'ನ್ಯಾಯಾಲಯದ ಅನುಮತಿ ಬೇಕು' ಎಂದು ದೂರು ಅಲ್ಲೇ ಕೂರುತ್ತದೆ. ದನಿ, ಮುಖ ಕದ್ದು ವಂಚಿಸಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ. ಎರಡಕ್ಕೂ 3 ವರ್ಷದವರೆಗೆ ಜೈಲು. ಹೆಸರು ಕೆಡಿಸಲು ನಕಲಿ ವಿದ್ಯುನ್ಮಾನ ದಾಖಲೆ ಸೃಷ್ಟಿಸಿದ್ದಕ್ಕೆ ನ್ಯಾಯ ಸಂಹಿತೆಯ 336. ಯಾವುದು ಅನ್ವಯಿಸುತ್ತದೆಂದು ನಿರ್ಧರಿಸುವವರು ಪೊಲೀಸರು, ಆದರೂ ಪತ್ರದಲ್ಲಿ ಎಲ್ಲವನ್ನೂ ಪರಿಶೀಲಿಸಲು ಕೋರಿ. ಐಟಿ ಕಾಯ್ದೆಯ ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಸೆನ್ ಠಾಣೆಗೆ ಹೋಗುವುದು ಒಳ್ಳೆಯದೆನ್ನಲು ಇದೂ ಒಂದು ಕಾರಣ.

ಚಾಟ್‌ಬಾಟ್ ಕೇಳಿ ಬೂತಿಗೆ ಹೋಗಬೇಡಿ

ಎಐಯಿಂದಾಗುವ ಇನ್ನೊಂದು ತೊಂದರೆಯಲ್ಲಿ ಯಾರ ಕುತಂತ್ರವೂ ಇರುವುದಿಲ್ಲ. 'ನನ್ನ ಹೆಸರು ಬಿಟ್ಟುಹೋಗಿದೆ, ಈಗ ಸೇರಿಸಬಹುದಾ?', 'ಯಾವ ಗುರುತಿನ ಚೀಟಿ ಬೇಕು?' ಎಂದು ಚಾಟ್‌ಬಾಟ್ ಕೇಳಿದರೆ ಅದು ಧೈರ್ಯವಾಗಿ ಉತ್ತರಿಸುತ್ತದೆ, ಹಳೆಯ ನಿಯಮವನ್ನೋ ಬೇರೆ ರಾಜ್ಯದ್ದನ್ನೋ ಬೆರೆಸಿ. ಉದಾಹರಣೆಗೆ, ಫೋಟೊ ಇರುವ ಮತದಾರರ ಚೀಟಿ ಒಂದನ್ನೇ ತೋರಿಸಿ ಮತ ಹಾಕುವ ಅವಕಾಶ 2019ರಿಂದ ಇಲ್ಲ. ಹಳೆಯ ಪುಟಗಳಲ್ಲಿ ಇದೆ ಎಂದೇ ಇರುತ್ತದೆ. ಹೆಸರು ಸೇರ್ಪಡೆ ನಮೂನೆ 6, ತೆಗೆಯಲು 7, ತಿದ್ದಲು, ವಿಳಾಸ ಬದಲಿಸಲು 8. ದಿನಾಂಕ, ಬೂತು, ದಾಖಲೆ ಈ ಮೂರಕ್ಕೆ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಅಥವಾ 1950 ಮಾತ್ರ.

ಅಭ್ಯರ್ಥಿ ಕಡೆಯವರಿಗೆ

ನೀವೇ ಎಐ ಬಳಸುತ್ತಿದ್ದರೆ, ಅಭ್ಯರ್ಥಿಯ ಕನ್ನಡ ಭಾಷಣವನ್ನು ಅವರದೇ ದನಿಯಲ್ಲಿ ತೆಲುಗಿಗೆ ತರುವುದು ಈಗ ಸುಲಭ, ಆಸೆಯೂ ಆಗುತ್ತದೆ. ಮಾಡಿ, ಆದರೆ ಎಐ ಎಂದು ಆಡಿಯೊದ ಆರಂಭದಲ್ಲೇ ಹೇಳಿಸಿ. ಸಾಮೂಹಿಕ ಧ್ವನಿ ಕರೆ, ಜಾಲತಾಣದ ಜಾಹೀರಾತಿಗೆ ಜಿಲ್ಲಾ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವ ಪ್ರಮಾಣೀಕರಣ ಬೇಕು. ಮಾನ್ಯತೆ ಪಡೆದ ಪಕ್ಷ ಮತ್ತು ಅಭ್ಯರ್ಥಿಗಳು ಪ್ರಸಾರಕ್ಕೆ ಕನಿಷ್ಠ 3 ದಿನ ಮೊದಲು, ಇತರರು 7 ದಿನ ಮೊದಲು ಅರ್ಜಿ ಕೊಡಬೇಕು. ಕೊನೇ ದಿನ ಓಡಿದರೆ ಆಗದು. ತಯಾರಿಕೆಯ ಖರ್ಚು ಲೆಕ್ಕದ ಪುಸ್ತಕಕ್ಕೆ ಹೋಗಬೇಕು. ವಿಧಾನಸಭೆಗೆ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ.

ನಕಲಿ ನಿಮ್ಮ ಮೇಲೇ ಬಂದರೆ ಸುದೀರ್ಘ ಪತ್ರಿಕಾ ಹೇಳಿಕೆ ಬೇಡ. ಪ್ರಮಾಣಪತ್ರದಲ್ಲಿರುವ ಖಾತೆಯಿಂದಲೇ 30 ಸೆಕೆಂಡಿನ ವಿಡಿಯೊ, ಅಂದಿನ ಪತ್ರಿಕೆ ಕೈಯಲ್ಲಿ, ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ. ಪ್ರಚಾರ ನಿಷೇಧದ 48 ಗಂಟೆಯಾಗಿದ್ದರೆ ಮತ ಕೇಳುವ ಒಂದು ಮಾತೂ ಅದರಲ್ಲಿ ಬರದಿರಲಿ. ಮೊದಲು ಚುನಾವಣಾಧಿಕಾರಿಗೆ ದೂರು, ಆಮೇಲೆ ಸ್ಪಷ್ಟೀಕರಣ.

ಇದರ ತಿರುವು ಆಟವೂ ಇದೆ: ಅಸಲಿ ವಿಡಿಯೊ ಹೊರಬಿದ್ದಾಗ 'ಅದು ಎಐ' ಎಂದು ಕೈ ತೊಳೆದುಕೊಳ್ಳುವುದು. ಮತದಾರರ ಮಟ್ಟಿಗೆ ಇದು ನಕಲಿಗಿಂತ ಕಡಿಮೆ ಅಪಾಯದ್ದೇನಲ್ಲ. ಹಾಗೆಂದವರನ್ನು ಕೇಳಿ: ದೂರು ಕೊಟ್ಟಿದ್ದೀರಾ? ದೂರಿನ ಸಂಖ್ಯೆ ಏನು? ಅದೇ ದಿನದ ಪೂರ್ತಿ ರೆಕಾರ್ಡಿಂಗ್ ಕೊಡುತ್ತೀರಾ? ದನಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಡಲು ತಯಾರಿದ್ದೀರಾ? ನಿಜಕ್ಕೂ ಬಲಿಪಶುವಾದವರು ಇವಕ್ಕೆ ಹಿಂಜರಿಯುವುದು ಕಡಿಮೆ.

ಮತದಾನ ಮುಗಿದ ಮೇಲೆ

ಫೋನು ಖಾಲಿ ಮಾಡಬೇಡಿ. ಅಭ್ಯರ್ಥಿ, ಅವರ ಏಜೆಂಟ್, ಅಥವಾ ಅವರ ಒಪ್ಪಿಗೆಯಿಂದ ಬೇರೆಯವರು ಎದುರಾಳಿಯ ನಡತೆ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಹರಡಿದ್ದರೆ ಅದು ಪ್ರಜಾಪ್ರತಿನಿಧಿ ಕಾಯ್ದೆಯ 123(4)ರ ಭ್ರಷ್ಟ ಆಚರಣೆ; ಆಯ್ಕೆಯೇ ರದ್ದಾಗಬಹುದು. ಹೈಕೋರ್ಟಿಗೆ ಚುನಾವಣಾ ಅರ್ಜಿ ಹಾಕಲು ಆಯ್ಕೆಯಾದ ದಿನದಿಂದ 45 ದಿನ ಇರುತ್ತದೆ, ಆ ಕ್ಷೇತ್ರದ ಯಾವ ಮತದಾರನಾದರೂ ಹಾಕಬಹುದು. ನ್ಯಾಯಾಲಯದಲ್ಲಿ ವಿದ್ಯುನ್ಮಾನ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ಫೋನಿನವರು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಒಂದು ಬಿಟ್ ಬದಲಾದರೂ ಬೇರೆಯಾಗುವ ಉದ್ದನೆಯ ಸಂಖ್ಯೆ. ಕಂಪ್ಯೂಟರಿಗೆ ನಕಲಿಸಿದ ದಿನವೇ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಆ ಸಂಖ್ಯೆಯನ್ನು ದೂರಿನ ಪ್ರತಿಯ ಹಿಂಬದಿಯಲ್ಲಿ ಬರೆದು ಸಹಿ ಹಾಕಿಡಿ. ಆ ಫೋನನ್ನು 45 ದಿನ ಮುಗಿಯುವವರೆಗೆ ಮಾರಬೇಡಿ, ರೀಸೆಟ್ ಮಾಡಬೇಡಿ. ಅರ್ಜಿ ದಾಖಲಾದರೆ ಪ್ರಕರಣ ಮುಗಿಯುವವರೆಗೂ ಹಾಗೇ ಇರಲಿ.